ಹೊಳೆ ಕಾಯುವ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಳೆಯ ಕೆಲಸಕ್ಕೆ ಹೊಸದಾಗಿ ಬರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಮೊದಲ ಸಲ ಬಂದಾಗ ನಾನೂ ಇವನ್ನೇ ಕೇಳಿದ್ದೆ. ಕೆಲವಕ್ಕೆ ತಪ್ಪು ಉತ್ತರ ನಂಬಿ ಒಂದೆರಡು ವರ್ಷ ಹಾಳು ಮಾಡಿಕೊಂಡಿದ್ದೂ ಇದೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಜಲಾನಯನ ಪ್ರದೇಶ ಅಂದರೆ ಏನು? ಸುಮ್ನೆ ನದಿ ಅಂದರೆ ಸಾಕಲ್ವಾ?

ಸಾಕಾಗುವುದಿಲ್ಲ. ಮಳೆ ಬಿದ್ದಾಗ ಎಲ್ಲೆಲ್ಲಿಯ ನೀರು ಹರಿದು, ಬಸಿದು, ಕೊನೆಗೆ ನಿಮ್ಮ ಹೊಳೆಗೆ ಸೇರುತ್ತದೋ ಆ ಇಡೀ ನೆಲವೇ ಜಲಾನಯನ. ಗುಡ್ಡ, ಹೊಲ, ರಸ್ತೆ, ಶಾಲೆಯ ಮೈದಾನ, ನಿಮ್ಮ ಮನೆಯ ತಾರಸಿ ಎಲ್ಲವೂ ಅದರೊಳಗೆ ಬರುತ್ತವೆ. ಹೊಳೆ ಅನ್ನುವುದು ಆ ನೆಲದ ತಗ್ಗಿನಲ್ಲಿ ಕಾಣುವ ಒಂದು ಗೆರೆ ಅಷ್ಟೆ. ಹೊಳೆಗೆ ಬರುವ ಕಾಯಿಲೆಗಳಲ್ಲಿ ಬಹುಪಾಲು ಈ ನೆಲದಲ್ಲೇ ಹುಟ್ಟಿ, ನೀರಿನ ಜೊತೆ ಇಳಿದು ಬರುತ್ತವೆ. ಇದೊಂದು ತಲೆಗೆ ಹೋದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು.

ನಮ್ಮ ಮನೆ ಹೊಳೆಯಿಂದ ತುಂಬಾ ದೂರ. ನಮಗೇನು ಸಂಬಂಧ?

ಒಂದು ಸಣ್ಣ ಲೆಕ್ಕ ಮಾಡಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ತಾರಸಿ 100 ಚದರ ಮೀಟರ್ ಇದ್ದು, 20 ಮಿಲಿಮೀಟರ್ ಮಳೆ ಬಂದರೆ 2,000 ಲೀಟರ್. ಅದು ಮಣ್ಣಿಗೆ ಇಳಿದರೆ ಹೊಳೆಗೆ ನಿಧಾನವಾಗಿ, ತಣ್ಣಗೆ, ಸೋಸಿಕೊಂಡು ತಲುಪುತ್ತದೆ. ಕಾಂಕ್ರೀಟು, ಚರಂಡಿ ಹಿಡಿದು ಹೋದರೆ ಅರ್ಧ ಗಂಟೆಯಲ್ಲಿ, ರಸ್ತೆಯ ಎಣ್ಣೆ, ಟೈರಿನ ಪುಡಿ, ನಾಯಿಯ ಹೇಲು, ಸಿಗರೇಟಿನ ತುಂಡು ಎಲ್ಲವನ್ನೂ ಎಳೆದುಕೊಂಡು ತಲುಪುತ್ತದೆ. ತುಂಬಾ ಊರುಗಳಲ್ಲಿ ಮಳೆನೀರಿನ ಚರಂಡಿ ಯಾವ ಶುದ್ಧೀಕರಣ ಘಟಕಕ್ಕೂ ಹೋಗುವುದಿಲ್ಲ. ನೇರ ಹೊಳೆಗೆ. ಸಿಗರೇಟಿನ ಫಿಲ್ಟರ್ ನೋಡಲು ಹತ್ತಿಯ ಹಾಗಿದ್ದರೂ ಅದು ಪ್ಲಾಸ್ಟಿಕ್ಕೇ, ಗೊತ್ತಿರಲಿ.

ಹಾಗಾಗಿ ದೂರದ ಮನೆಯವರಿಗೆ ಇರುವ ಕೆಲಸ ಸರಳ. ತಾರಸಿಯ ನೀರನ್ನು ಇಂಗುಗುಂಡಿಗೋ ಗಿಡಗಳ ಪಾತಿಗೋ ತಿರುಗಿಸಿ. ಅಂಗಳಕ್ಕೆಲ್ಲ ಸಿಮೆಂಟ್ ಬಳಿಯಬೇಡಿ. ಬಣ್ಣ, ಹಳೆ ಎಂಜಿನ್ ಆಯಿಲ್, ಉಳಿದ ಮಾತ್ರೆ ಇವನ್ನು ಮೋರಿಗೆ ಸುರಿಯಬೇಡಿ. ಭಾನುವಾರ ದಡಕ್ಕೆ ಬಂದು ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಇದು ಹೊಳೆಗೆ ಜಾಸ್ತಿ ಉಪಯೋಗ.

ನಮ್ಮ ಜಲಾನಯನದ ಗಡಿ ಎಲ್ಲಿದೆ ಅಂತ ತಿಳಿಯುವುದು ಹೇಗೆ?

ಎತ್ತರದ ಗೆರೆಗಳಿರುವ ನಕ್ಷೆ ಸಿಕ್ಕರೆ ಒಂದು ಸಂಜೆಯ ಕೆಲಸ. ಆ ಗೆರೆಗಳು ಹಳ್ಳವನ್ನು ದಾಟುವಾಗ ಬಾಣದ ಮೊನೆಯ ಹಾಗೆ ಬಾಗುತ್ತವೆ, ಮೊನೆ ಯಾವಾಗಲೂ ಹಳ್ಳದ ಮೇಲ್ಭಾಗಕ್ಕೆ ತೋರಿಸುತ್ತದೆ. ಹೊಳೆಯ ಯಾವುದೋ ಒಂದು ಜಾಗವನ್ನು ಗುರುತು ಹಾಕಿಕೊಳ್ಳಿ. ಅಲ್ಲಿಂದ ಎರಡೂ ಕಡೆ ದಿಬ್ಬಗಳ ನೆತ್ತಿ ಹಿಡಿದು ಗೆರೆ ಎಳೆಯುತ್ತಾ ಹೋದರೆ ಮೇಲೆ ಎಲ್ಲೋ ಎರಡೂ ಸೇರುತ್ತವೆ. ಅದರೊಳಗಿರುವುದೆಲ್ಲ ನಿಮ್ಮದು. ಆಮೇಲೆ ಜೋರು ಮಳೆ ಬರುವಾಗ ಕೊಡೆ ಹಿಡಿದು ಒಂದು ಸುತ್ತು ಹೋಗಿ ಬನ್ನಿ, ಯಾಕಂದರೆ ಹೊಸ ರಸ್ತೆ, ಹೊಸ ಮೋರಿ ಎಲ್ಲ ನೀರಿನ ದಾರಿಯನ್ನೇ ತಿರುಗಿಸಿರುತ್ತವೆ, ನಕ್ಷೆಯಲ್ಲಿ ಅದು ಇರುವುದಿಲ್ಲ.

ಎಷ್ಟು ಜನ ಸೇರಿದರೆ ಶುರು ಮಾಡಬಹುದು?

ಮೂರು. ಒಬ್ಬರು ಬರೆದುಕೊಳ್ಳಲು, ಒಬ್ಬರು ನೀರಿಗೆ ಇಳಿಯಲು, ಇನ್ನೊಬ್ಬರು ದಡದಲ್ಲಿ ನಿಂತು ಇಳಿದವರನ್ನು ನೋಡಿಕೊಳ್ಳಲು. ನೋಂದಣಿ, ಲೋಗೋ, ಟೀ ಶರ್ಟು ಎಲ್ಲ ಆಮೇಲೆ. ಟೀ ಶರ್ಟಿನಿಂದ ಶುರುವಾದ ಗುಂಪುಗಳು ಬೇಗ ಮುಗಿಯುವುದನ್ನು ನೋಡಿದ್ದೇನೆ.

ಕಸ ಎತ್ತುವುದರಿಂದ ನಿಜವಾಗಿ ಏನಾದರೂ ಆಗುತ್ತದಾ? ಮುಂದಿನ ವಾರ ಮತ್ತೆ ಬಂದಿರುತ್ತದೆ.

ಬಂದೇ ಬರುತ್ತದೆ. ಕಸ ಎತ್ತುವುದು ಈ ಕೆಲಸದಲ್ಲಿ ಹೆಚ್ಚು ಕಾಣುವ, ಕಡಿಮೆ ಗುಣ ಕೊಡುವ ಭಾಗ. ಆದರೂ ಬಿಡಬಾರದು, ಯಾಕಂದರೆ ಜನ ಹೊಳೆಯ ಕಡೆ ಮೊದಲ ಸಲ ಬರುವುದು ಹೀಗೇ. ಎತ್ತುವುದರ ಜೊತೆಗೆ ಎಣಿಸಿ. ಎಷ್ಟು ಬಾಟಲಿ, ಎಷ್ಟು ಪೊಟ್ಟಣ, ಎಷ್ಟು ಥರ್ಮೋಕೋಲ್ ಅಂತ. ಎಣಿಸಿದರೆ ಕಸ ಎಲ್ಲಿಂದ ಬರುತ್ತಿದೆ ಎಂಬುದು ಹೊರಬೀಳುತ್ತದೆ. ಸೇತುವೆಯ ಕೆಳಗೆ ಒಂದೇ ಬಗೆಯ ಕವರ್ ರಾಶಿ ಸಿಕ್ಕರೆ ಅದು ಯಾರೋ ಗಾಡಿಯಿಂದ ಎಸೆಯುತ್ತಿರುವುದು. ಮೂರು ತಿಂಗಳ ಎಣಿಕೆ ಹಿಡಿದುಕೊಂಡು ಸ್ಥಳೀಯ ಆಡಳಿತದ ಮುಂದೆ ಹೋದರೆ ಮಾತು ಬೇರೆಯಾಗುತ್ತದೆ. ಮೇಲ್ಭಾಗದ ಒಂದು ಮೋರಿಗೆ ಜಾಲರಿ ಹಾಕಿಸಿದರೆ ಹತ್ತು ಭಾನುವಾರದ ಕೆಲಸ ಉಳಿಯುತ್ತದೆ.

ಯಾವುದನ್ನು ಮುಟ್ಟಬಾರದು?

ಸೂಜಿ, ಸಿರಿಂಜ್, ಮುಚ್ಚಿದ ಡಬ್ಬ, ಹೆಸರಿಲ್ಲದ ಡ್ರಮ್. ಫೋಟೋ ತೆಗೆದು ಸಂಬಂಧಪಟ್ಟವರಿಗೆ ತಿಳಿಸಿ, ಹತ್ತಿರ ಹೋಗಬೇಡಿ.

ಇನ್ನೊಂದಿದೆ: ಬಿದ್ದ ಮರ, ಕೊಂಬೆ, ತರಗೆಲೆ. ಇವು ಕಸ ಅಲ್ಲ. ನಮ್ಮ ಗುಂಪು ಶುರುವಿನಲ್ಲಿ ಬಹಳ ಉತ್ಸಾಹದಿಂದ ಒಂದು ಮಡುವಿನಲ್ಲಿ ಅಡ್ಡಬಿದ್ದಿದ್ದ ದಿಮ್ಮಿಯನ್ನು ಹಗ್ಗ ಕಟ್ಟಿ ಎಳೆದು ದಡಕ್ಕೆ ಹಾಕಿತು. ಎಷ್ಟು ಚೊಕ್ಕವಾಗಿ ಕಾಣುತ್ತಿತ್ತು ಗೊತ್ತಾ? ಮುಂದಿನ ಮಳೆಗಾಲದ ಹೊತ್ತಿಗೆ ಮಡುವು ಮರಳು ತುಂಬಿ ಮಟ್ಟವಾಗಿತ್ತು, ಅಲ್ಲಿದ್ದ ಮೀನೂ ಇಲ್ಲ. ಮಡುವನ್ನು ಕೊರೆದು ಇಟ್ಟುಕೊಂಡಿದ್ದೇ ಆ ದಿಮ್ಮಿ. ನೀರು ಅದಕ್ಕೆ ಬಡಿದು ಸುತ್ತಿ ಕೆಳಗೆ ಗುಂಡಿ ಮಾಡುತ್ತಿತ್ತು, ಮೀನು ಅದರ ನೆರಳಲ್ಲಿ ಇರುತ್ತಿತ್ತು. ಸೇತುವೆಗೆ ಅಪಾಯ ಇದ್ದರೆ ಮಾತ್ರ ತೆಗೆಸಿ.

ಲ್ಯಾಬ್ ಇಲ್ಲದೆ ನೀರು ಚೆನ್ನಾಗಿದೆಯಾ ಅಂತ ತಿಳಿಯಬಹುದಾ?

ಕಲ್ಲು ಎತ್ತಿ ನೋಡಿ. ನಿಜವಾಗಿ. ಮೊಣಕಾಲುದ್ದದ ನೀರು ಕಲ್ಲುಗಳ ಮೇಲೆ ಸದ್ದು ಮಾಡುತ್ತಾ ಹರಿಯುವ ಕಡೆ ಇಳಿದು, ಅಂಗೈಯಷ್ಟು ಕಲ್ಲನ್ನು ಮೆಲ್ಲಗೆ ಎತ್ತಿ ಅಡಿಭಾಗ ತಿರುಗಿಸಿ. ಚಪ್ಪಟೆ ಮೈ, ಹಿಂದೆ ಸಾಮಾನ್ಯವಾಗಿ ಮೂರು ಬಾಲ, ಹೊಟ್ಟೆಯ ಪಕ್ಕ ಅಲುಗಾಡುವ ಕಿವಿರು ಇದ್ದರೆ ಅದು ಮೇಫ್ಲೈ ಎಂಬ ಹಾರುವ ಕೀಟದ ಮರಿ. ಎರಡೇ ಬಾಲ ಇದ್ದು ಗಟ್ಟಿ ಮೈ ಇದ್ದರೆ ಸ್ಟೋನ್‌ಫ್ಲೈ ಇರಬಹುದು. ಮರಳು, ಕಡ್ಡಿಚೂರು ಅಂಟಿಸಿ ಕೊಳವೆಯಂತೆ ಮನೆ ಕಟ್ಟಿಕೊಂಡಿದ್ದರೆ ಕ್ಯಾಡಿಸ್‌ಫ್ಲೈ. ಈ ಮೂರೂ ಕೊಳೆಯನ್ನು, ಆಮ್ಲಜನಕ ಕಡಿಮೆಯಾಗುವುದನ್ನು ತಾಳುವುದಿಲ್ಲ. ಇವು ಬೇರೆ ಬೇರೆ ಜಾತಿಯವು ತುಂಬಾ ಸಿಕ್ಕರೆ ನೀರು ಚೆನ್ನಾಗಿದೆ ಅಂತ ಅರ್ಥ. ಏರೋಪ್ಲೇನ್ ಚಿಟ್ಟೆಯ ಮರಿ ನಡುವಿನದು, ಸ್ವಲ್ಪ ಸಹಿಸುತ್ತದೆ. ಬರೀ ಕೆಂಪು ಹುಳು ಸಿಕ್ಕರೆ ಯೋಚನೆ ಮಾಡಬೇಕು. ಅದು ಕೆಂಪಗಿರುವುದೇ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್‌ನಿಂದ, ಅದರಿಂದಲೇ ಉಸಿರು ಕಟ್ಟುವಂಥ ಕೆಸರಿನಲ್ಲೂ ಬದುಕುತ್ತದೆ.

ಹುಳುಗಳ ಲೆಕ್ಕ ನನಗೆ ಇಷ್ಟವಾಗಲು ಕಾರಣ ಇದೆ. ಬಾಟಲಿಯಲ್ಲಿ ಹಿಡಿದ ನೀರು ಆ ಒಂದು ಗಳಿಗೆಯ ಮಾತು ಹೇಳುತ್ತದೆ. ಕಲ್ಲಡಿಯ ಹುಳು ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ, ಕಳೆದ ವಾರ ರಾತ್ರಿ ಯಾರೋ ಏನೋ ಬಿಟ್ಟು ಹೋಗಿದ್ದರೂ ಅದಕ್ಕೆ ಗೊತ್ತು. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೇ ಇಡಿ. ಕಲ್ಲಿನ ಮೇಲೆ ಕಲ್ಲು ಜೋಡಿಸಿ ಗೋಪುರ ಮಾಡಿ ಫೋಟೋ ಹಾಕುವವರು ಇಂಥ ಎಷ್ಟು ಮನೆ ಕೆಡವಿದ್ದಾರೋ.

ಪರೀಕ್ಷೆಯ ಕಿಟ್ ತಂದಿದ್ದೇವೆ. ಏನು ಅಳೆಯಬೇಕು?

ನೀರಿನ ಬಿಸಿ, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬುದು), ಕದಡು, ಕರಗಿದ ಆಮ್ಲಜನಕ. ಸಾಧ್ಯವಾದರೆ ನೈಟ್ರೇಟ್, ಫಾಸ್ಫೇಟ್. ಇವುಗಳಲ್ಲಿ ಎಲ್ಲರೂ ಎಡವುವುದು ಆಮ್ಲಜನಕದಲ್ಲಿ.

ತಣ್ಣನೆ ನೀರು ಜಾಸ್ತಿ ಆಮ್ಲಜನಕ ಹಿಡಿದಿಡುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5. ಐದಕ್ಕಿಂತ ಕೆಳಗೆ ಇಳಿದರೆ ತುಂಬಾ ಮೀನುಗಳಿಗೆ ಕಷ್ಟ, ಎರಡರ ಹತ್ತಿರ ಬಂದರೆ ಹೆಚ್ಚಿನವು ಉಳಿಯುವುದಿಲ್ಲ. ಈಗ ನೋಡಿ, ಗೊಬ್ಬರದ ನೀರು, ಚರಂಡಿ ನೀರು ಸೇರಿ ಪಾಚಿ ಬೆಳೆದಿರುವ ಹೊಳೆಗೆ ಮಧ್ಯಾಹ್ನ ಮೂರಕ್ಕೆ ಹೋಗಿ ಅಳೆದರೆ ಆಮ್ಲಜನಕ ಸೊಗಸಾಗಿ ಬರುತ್ತದೆ, ಹನ್ನೆರಡೋ ಹದಿಮೂರೋ ಬಂದರೂ ಆಶ್ಚರ್ಯವಿಲ್ಲ, ಯಾಕಂದರೆ ಬಿಸಿಲಿಗೆ ಪಾಚಿಯೇ ಅದನ್ನು ಬಿಡುತ್ತಿರುತ್ತದೆ. ರಾತ್ರಿಯಾದ ಮೇಲೆ ಅದೇ ಪಾಚಿ ಅದನ್ನೇ ಎಳೆದುಕೊಳ್ಳುತ್ತದೆ. ಬೆಳಗಿನ ಜಾವ ಐದಕ್ಕೆ ಅದೇ ಜಾಗದಲ್ಲಿ ಅಳೆದರೆ ಎರಡು. ಮೀನು ಸತ್ತು ತೇಲುವುದು ಬೆಳಿಗ್ಗೆ ಕಾಣುವುದು ಇದಕ್ಕೇ. ನಾವು ಒಂದು ವರ್ಷ ಪೂರ್ತಿ ಊಟ ಮುಗಿಸಿ ಆರಾಮವಾಗಿ ಹೋಗಿ ಅಳೆದು, ನಮ್ಮ ಹೊಳೆ ಬಹಳ ಚೆನ್ನಾಗಿದೆ ಅಂತ ವರದಿ ಬರೆದಿದ್ದೆವು.

ಅದಕ್ಕೇ ಒಂದೇ ನಿಯಮ: ಅದೇ ಜಾಗ, ಅದೇ ಹೊತ್ತು, ಮತ್ತೆ ಮತ್ತೆ. ಬೆಳಗಿನ ಜಾವದ ಅಳತೆ ವರ್ಷಕ್ಕೆ ನಾಲ್ಕು ಸಲವಾದರೂ ಇರಲಿ. ಹಿಂದಿನ ದಿನ ಮಳೆ ಬಂದಿತ್ತಾ ಎಂಬುದನ್ನೂ ಬರೆಯಿರಿ. ಐವತ್ತು ಕಡೆ ಒಂದೊಂದು ಸಲ ಅಳೆದಿದ್ದಕ್ಕಿಂತ ಎರಡು ಕಡೆ ಐವತ್ತು ಸಲ ಅಳೆದಿದ್ದಕ್ಕೆ ಬೆಲೆ ಜಾಸ್ತಿ.

ನೀರಿನ ಮೇಲೆ ಎಣ್ಣೆಯಂತೆ ಬಣ್ಣ ಬಣ್ಣದ ಪದರ ಇದೆ. ಯಾರಾದರೂ ಡೀಸೆಲ್ ಚೆಲ್ಲಿದ್ದಾರಾ?

ಮೊದಲು ಒಂದು ಕಡ್ಡಿ ತೆಗೆದುಕೊಂಡು ಚುಚ್ಚಿ. ಪದರ ಗಾಜಿನ ಚೂರಿನಂತೆ ಒಡೆದು ಹಾಗೇ ನಿಂತರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಕೆಲಸ, ಸಹಜ. ಪಕ್ಕದಲ್ಲಿ ತುಕ್ಕಿನ ಬಣ್ಣದ ಲೋಳೆಯೂ ಇರುತ್ತದೆ. ಕಡ್ಡಿ ತೆಗೆದ ಕೂಡಲೇ ಮತ್ತೆ ಕೂಡಿಕೊಂಡರೆ ಅದು ಎಣ್ಣೆ, ದೂರು ಕೊಡಿ.

ನೊರೆಯೂ ಹೀಗೇ. ಎಲೆ ಕೊಳೆತು ಬರುವ ನೊರೆ ಮಾಸಲು ಬಣ್ಣದ್ದು, ಮಣ್ಣಿನ ವಾಸನೆ. ಬೆಳ್ಳಗೆ ಉಬ್ಬಿ, ಸೋಪಿನ ಪರಿಮಳ ಬಂದರೆ ಮೇಲೆ ಎಲ್ಲೋ ಮೋರಿ ತೆರೆದಿದೆ.

ಸೂಕ್ಷ್ಮಜೀವಿ ತುಂಬಿದ ಮಣ್ಣಿನ ಉಂಡೆ ಎಸೆದರೆ ನೀರು ಶುದ್ಧವಾಗುತ್ತದಂತೆ?

ಇದನ್ನು ಕೇಳದವರಿಲ್ಲ. ಎಸೆಯಲು ಖುಷಿ, ಅದು ನನಗೂ ಗೊತ್ತು. ಆದರೆ ಕೊಳೆ ಒಂದು ಕಡೆ ಒಂದೇ ಸಮ ಬರುತ್ತಿರುವಾಗ ಉಂಡೆ ಏನು ಮಾಡೀತು? ಹೊಳೆಯಲ್ಲಿ ಬ್ಯಾಕ್ಟೀರಿಯಾಕ್ಕೆ ಬರ ಇಲ್ಲ, ಆಮ್ಲಜನಕಕ್ಕೆ ಬರ. ತೌಡು, ಬೆಲ್ಲ ಸೇರಿಸಿದ ಉಂಡೆ ಕರಗಿ ಕೊಳೆಯುವಾಗ ಇದ್ದ ಆಮ್ಲಜನಕವೂ ಹೋಗುತ್ತದೆ. ಆ ಭಾನುವಾರವನ್ನು ಮೋರಿ ಹುಡುಕಲು ಬಳಸಿ.

ದಡದಲ್ಲಿ ಗಿಡ ನೆಡಬೇಕು. ಯಾವ ಗಿಡ, ಎಷ್ಟು ದೂರ?

ಮೊದಲು ಹಳೆಯ ನೆರೆಯ ಗುರುತು ಹುಡುಕಿ. ಕೊಂಬೆಗೆ ಸಿಕ್ಕಿಕೊಂಡ ಕಸ, ಒಣಹುಲ್ಲು ಎಷ್ಟು ಎತ್ತರದಲ್ಲಿದೆ ನೋಡಿ. ನಾವು ಅದನ್ನು ನೋಡದೆ ನೀರಿನ ಅಂಚಿಗೇ ಸಾಲಾಗಿ ಮರದ ಸಸಿ ನೆಟ್ಟು, ಮೊದಲ ನೆರೆಗೇ ಎಲ್ಲವನ್ನೂ ಕಳೆದುಕೊಂಡೆವು. ಕೋಲುಗಳು ಮಾತ್ರ ಉಳಿದವು.

ನೀರಿನ ಅಂಚಿಗೆ ಜೊಂಡು, ಬೇರು ಹೆಣೆದುಕೊಳ್ಳುವ ಹುಲ್ಲು. ಅದರ ಮೇಲೆ ಬಗ್ಗಿ ಏಳುವ ಪೊದೆಗಳು. ಇನ್ನೂ ಮೇಲೆ ಮರ. ಎಲ್ಲವೂ ನಿಮ್ಮ ಕಡೆಯವೇ ಆಗಿರಲಿ. ಯಾವುದು ಎಂದು ತಿಳಿಯಲು ಹಾಳಾಗದ ಒಂದು ದಡ ಹುಡುಕಿ, ಅಲ್ಲಿರುವುದನ್ನು ನೋಡಿ ಬರೆದುಕೊಳ್ಳಿ. ವಿಲೋ ಜಾತಿಯ ಗಿಡಗಳ ಹಸಿ ಕೊಂಬೆಯನ್ನು ಕಡಿದು ದಡಕ್ಕೆ ಹೊಡೆದರೂ ಬೇರು ಬಿಡುತ್ತವೆ, ಸವೆಯುವ ದಡ ಹಿಡಿಯಲು ಬಹಳ ಕಡೆ ಹಾಗೇ ಮಾಡುತ್ತಾರೆ. ಹಸಿರು ಪಟ್ಟಿ 30 ಮೀಟರ್ ಅಗಲ ಇದ್ದರೆ ಒಳ್ಳೆಯದು. ಅಷ್ಟು ಜಾಗ ಸಿಗುವುದು ಅಪರೂಪ, 10 ಮೀಟರ್ ಸಿಕ್ಕರೂ ಹೊಲದಿಂದ ಬರುವ ಮಣ್ಣನ್ನು ಚೆನ್ನಾಗಿ ತಡೆಯುತ್ತದೆ. ನೆಟ್ಟ ಮೇಲೆ ಎರಡು ಮೂರು ವರ್ಷ ಕಳೆ ಕೀಳುವವರು ಯಾರು ಅಂತ ನೆಡುವ ಮೊದಲೇ ಗೊತ್ತು ಮಾಡಿಕೊಳ್ಳಿ.

ಮೀನುಮರಿ ಬಿಡಬಹುದಾ? ಮನೆಯ ಅಕ್ವೇರಿಯಂ ಮೀನು?

ಎರಡೂ ಬೇಡ. ಸೊಳ್ಳೆ ತಿನ್ನಲಿ ಎಂದು ಜಗತ್ತಿನ ಎಷ್ಟೋ ಕಡೆ ಬಿಟ್ಟ ಗ್ಯಾಂಬೂಸಿಯ ಮೀನು ಅಲ್ಲಿನ ಸ್ಥಳೀಯ ಸಣ್ಣ ಮೀನುಗಳನ್ನೂ ಕಪ್ಪೆಮರಿಗಳನ್ನೂ ತಿಂದು, ಈಗ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ನೀರು ಸರಿಯಾದರೆ ಮೀನು ತಾನಾಗಿ ಬರುತ್ತದೆ, ದಾರಿಗೆ ಅಡ್ಡ ಕಟ್ಟೆ ಇಲ್ಲದಿದ್ದರೆ. ಅಮೆರಿಕದ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರ ನಡುವೆ ಒಡೆದು ತೆಗೆದ ಮೇಲೆ ಸಾಲ್ಮನ್ ಮೀನುಗಳು ಸುಮಾರು ನೂರು ವರ್ಷ ಹೋಗಲಾಗದಿದ್ದ ಮೇಲ್ಭಾಗಕ್ಕೆ ಮತ್ತೆ ಹೋದವು.

ನಮ್ಮ ಹೊಳೆ ಬೇಸಿಗೆಯಲ್ಲಿ ಒಣಗುತ್ತದೆ. ಮೊದಲು ಹೀಗಿರಲಿಲ್ಲ ಅಂತಾರೆ.

ಮಳೆ ನಿಂತು ತಿಂಗಳಾದ ಮೇಲೂ ಹೊಳೆಯಲ್ಲಿ ಓಡುವುದು ನೆಲದಡಿಯ ನೀರು. ಅದನ್ನು ಬೋರ್‌ವೆಲ್‌ಗಳು ಎಳೆದರೆ, ಗುಡ್ಡದ ಕಾಡು ಹೋಗಿ ಮಳೆ ಇಂಗದಿದ್ದರೆ, ಮರಳು ತೋಡಿ ಹೊಳೆಯ ತಳ ಕೆಳಗಿಳಿದರೆ ಒರತೆ ಒಣಗುತ್ತದೆ. ತಳಕ್ಕೆ ಕಾಂಕ್ರೀಟು ಹಾಕಿ ನೀರು ನಿಲ್ಲಿಸಿದರೆ ಹೊಳೆ ಬಂತು ಅಂದುಕೊಳ್ಳುವವರಿದ್ದಾರೆ. ಅದು ತೊಟ್ಟಿ.

ಕೆಲಸ ಮೇಲಿನಿಂದ ಶುರುವಾಗಬೇಕು. ರಾಜಸ್ಥಾನದ ಆಲ್ವಾರ್ ಜಿಲ್ಲೆಯ ಅರ್ವರಿ ನದಿಯ ಕಥೆ ಇದಕ್ಕೆ ಒಳ್ಳೆಯ ಪಾಠ. ಅಲ್ಲಿ 1980ರ ದಶಕದ ನಡುವಿನಿಂದ ಹಳ್ಳಿಗಳವರು ರಾಜೇಂದ್ರ ಸಿಂಗ್ ಮತ್ತು ಅವರ ಸಂಸ್ಥೆ ತರುಣ್ ಭಾರತ್ ಸಂಘದ ಜೊತೆ ಸೇರಿ ಇಳಿಜಾರುಗಳಲ್ಲಿ ಜೋಹಡ್ ಎಂಬ ಮಣ್ಣಿನ ಒಡ್ಡುಗಳನ್ನು ಒಂದಾದ ಮೇಲೊಂದು ಕಟ್ಟಿದರು. ನದಿಯಲ್ಲೇ ಏನೂ ಮಾಡಲಿಲ್ಲ ಅನ್ನಬಹುದು. ನೀರು ಇಂಗಿತು, ಬಾವಿಗಳು ತುಂಬಿದವು, 1990ರ ದಶಕದಲ್ಲಿ ನದಿ ವರ್ಷವಿಡೀ ಹರಿಯತೊಡಗಿತು. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಆಮೇಲಿನದು. ನೀರು ಬಂದ ಮೇಲೆ ಯಾರು ಎಷ್ಟು ಎತ್ತಬಹುದು ಎಂದು ತೀರ್ಮಾನಿಸಲು ಹಳ್ಳಿಗಳವರು ಕೂತು ಅರ್ವರಿ ಸಂಸತ್ತು ಮಾಡಿಕೊಂಡರು. ನೀರು ತರುವುದಕ್ಕಿಂತ ಹಂಚಿಕೊಳ್ಳುವುದು ಕಷ್ಟ ಅಲ್ವಾ?

ಎಲ್ಲ ಗೊಬ್ಬರ, ಔಷಧಿ ರೈತರಿಂದಲೇ ತಾನೇ ಬರುವುದು?

ಈ ದನಿಯಲ್ಲಿ ಮಾತು ಶುರು ಮಾಡಿದರೆ ಮೊದಲ ದಿನವೇ ಮುಗಿಯುತ್ತದೆ. ನ್ಯೂಯಾರ್ಕ್ ನಗರದ ಕುಡಿಯುವ ನೀರು ಬಹುಪಾಲು ದೂರದ ಗುಡ್ಡಗಳ ಜಲಾನಯನದಿಂದ ಬರುತ್ತದೆ. ದೊಡ್ಡ ಸೋಸುವ ಘಟಕ ಕಟ್ಟುವುದಕ್ಕಿಂತ ಆ ನೆಲ ಕಾಯುವುದೇ ಅಗ್ಗ ಎಂದು ನಗರ 1997ರಲ್ಲಿ ಮೇಲಿನ ಊರುಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಗೊಬ್ಬರ ಇಡುವ ಜಾಗ, ದನಗಳು ಹಳ್ಳಕ್ಕೆ ಇಳಿಯದ ಹಾಗೆ ಬೇಲಿ, ಇಂಥದ್ದಕ್ಕೆ ನಗರವೇ ಹಣ ಹಾಕಿತು. ಕೆಳಗಿನವರು ಮೇಲಿನವರಿಗೆ ಉಪದೇಶ ಮಾಡುವ ಬದಲು ಖರ್ಚಿನಲ್ಲಿ ಪಾಲು ಹಾಕಿದರು. ನಿಮ್ಮ ಗುಂಪಿಗೆ ಹಣ ಇಲ್ಲದಿದ್ದರೆ ಬೇಲಿ ಹಾಕಲು ಎರಡು ದಿನ ಕೈಯಾದರೂ ಜೋಡಿಸಬಹುದು.

ಈಜಬಹುದಾ?

ಅಲ್ಲಿಯವರನ್ನು ಕೇಳಿ ಇಳಿಯಿರಿ. ಜೋರು ಮಳೆಯ ನಂತರ ಎರಡು ಮೂರು ದಿನ ಬೇಡ, ಚರಂಡಿಯೆಲ್ಲ ಬಂದಿರುತ್ತದೆ. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಶುದ್ಧ ಅಲ್ಲ, ರೋಗಾಣು ಕಣ್ಣಿಗೆ ಕಾಣುವುದಿಲ್ಲ. ಕಾಲಿಗೆ ಗಾಯ ಇದ್ದರೆ ಇಳಿಯಬೇಡಿ, ಇಲಿಯ ಮೂತ್ರ ಸೇರಿದ ನೀರಿನಿಂದ ಬರುವ ಲೆಪ್ಟೋಸ್ಪೈರೋಸಿಸ್ ಹುಡುಗಾಟವಲ್ಲ.

ರೋಗಕ್ಕಿಂತ ಬೇಗ ಕೊಲ್ಲುವುದು ಸೆಳವು. ನೆರೆ ಬಂದು ವೇಗವಾಗಿ ಓಡುವ 15 ಸೆಂಟಿಮೀಟರ್ ನೀರು ಸಾಕು ದೊಡ್ಡವರನ್ನು ಬೀಳಿಸಲು, 30 ಸೆಂಟಿಮೀಟರ್ ಸಣ್ಣ ಕಾರನ್ನು ತೇಲಿಸುತ್ತದೆ. ಬಿದ್ದರೆ ಎದ್ದು ನಿಲ್ಲಲು ನೋಡಬೇಡಿ, ಕಾಲು ಕಲ್ಲಿನ ಸಂದಿಗೆ ಸಿಕ್ಕಿದರೆ ನೀರೇ ಮುಳುಗಿಸುತ್ತದೆ. ಅಂಗಾತ ಮಲಗಿ, ಪಾದ ಮುಂದೆ ಮಾಡಿ ತೇಲುತ್ತಾ ದಡಕ್ಕೆ ಸರಿಯಿರಿ. ಸಣ್ಣ ಚೆಕ್ ಡ್ಯಾಂನ ಕೆಳಗಂತೂ ಹೋಗಲೇಬೇಡಿ. ಬಿದ್ದ ನೀರು ಹಿಂದಕ್ಕೆ ಸುತ್ತಿಕೊಳ್ಳುತ್ತದೆ, ಒಳ್ಳೆಯ ಈಜುಗಾರರೂ ಅದರೊಳಗೆ ಮತ್ತೆ ಮತ್ತೆ ತಿರುಗುತ್ತಾರೆ, ಉಳಿಸಲು ಹೋದವರೂ ಸಾಯುತ್ತಾರೆ.

ದಡದಲ್ಲಿ ಉಳಿದುಕೊಂಡರೆ ಸೋಪು ಹಚ್ಚಿ ತೊಳೆಯುವುದು ನೀರಿನಿಂದ 60 ಮೀಟರ್ ಆಚೆ. ಮಣ್ಣಿನಲ್ಲಿ ಕರಗುವ ಸೋಪು ಎಂದು ಬರೆದಿದ್ದರೂ ಅಷ್ಟೆ, ಅದು ಕರಗಬೇಕಾದದ್ದು ಮಣ್ಣಿನಲ್ಲಿ.

ಇಷ್ಟೆಲ್ಲ ಮಾಡಿದರೆ ಹೊಳೆ ನಿಜಕ್ಕೂ ಬದುಕುತ್ತದಾ?

ಬದುಕಿದ ಹೊಳೆಗಳಿವೆ. ಲಂಡನ್ನಿನ ಥೇಮ್ಸ್ ನದಿಯನ್ನು 1957ರಲ್ಲಿ ಅಲ್ಲಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಜೀವ ಇಲ್ಲದ ನದಿ ಎಂದು ಹೇಳಿತ್ತು, ಈಗ ಅದರಲ್ಲಿ ನೂರಕ್ಕೂ ಹೆಚ್ಚು ಜಾತಿಯ ಮೀನುಗಳಿವೆ. ಪ್ಯಾರಿಸ್ಸಿನ ಸೇನ್ ನದಿಯಲ್ಲಿ 1923ರಿಂದ ಈಜುವಂತಿರಲಿಲ್ಲ, 2025ರ ಜುಲೈಯಲ್ಲಿ ಸಾರ್ವಜನಿಕರಿಗೆ ಮತ್ತೆ ತೆರೆದರು. ಅಮೆರಿಕದ ಕಯಹೋಗಾ ನದಿಗೆ 1969ರ ಜೂನ್ 22ರಂದು ಬೆಂಕಿ ಹತ್ತಿತು, ಹೌದು, ನದಿಗೇ ಬೆಂಕಿ, ಅದೂ ಮೊದಲ ಸಲವೇನಲ್ಲ. ಮೊದಲೂ ಎಷ್ಟೋ ಸಲ ಹತ್ತಿತ್ತು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈ ಸಲ ಜನ ಸಿಟ್ಟಾದರು, 1972ರಲ್ಲಿ ಅಲ್ಲಿ ನೀರಿನ ಕಾನೂನು ಬಿಗಿಯಾಯಿತು. ಇವೆಲ್ಲದರಲ್ಲೂ ದೊಡ್ಡ ಕೆಲಸ ಮಾಡಿದ್ದು ಚರಂಡಿ ನೀರಿನ ಶುದ್ಧೀಕರಣ ಮತ್ತು ಕಾನೂನು. ನಮ್ಮಂಥ ಗುಂಪುಗಳು ಥೇಮ್ಸ್ ತೊಳೆಯಲಿಲ್ಲ, ಹಾಗಂತ ಹೇಳಿಕೊಳ್ಳುವುದೂ ಬೇಡ. ಅಳೆದು, ಬರೆದು, ಬಿಡದೆ ಕೇಳುವವರು ಇಲ್ಲದಿದ್ದರೆ ಕಾನೂನು ಕಪಾಟಿನಲ್ಲೇ ಇರುತ್ತದೆ.

ರಾತ್ರಿ ಹೊತ್ತು ಯಾರೋ ಕೊಳೆ ಬಿಡುತ್ತಿದ್ದಾರೆ. ಹೋಗಿ ಹಿಡಿಯೋಣವಾ?

ಬೇಡ, ಜಗಳ ನಿಮ್ಮ ಕೆಲಸ ಅಲ್ಲ. ತಾರೀಕು, ಹೊತ್ತು, ಜಾಗ, ನೀರಿನ ಬಣ್ಣ, ವಾಸನೆ, ಮೋರಿಯ ಮೇಲೆ ಮತ್ತು ಕೆಳಗೆ ಎರಡೂ ಕಡೆಯ ಅಳತೆ, ಫೋಟೋ. ಇವಿಷ್ಟನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪತ್ರ ತೆಗೆದುಕೊಳ್ಳಿ. ಯಾರ ಹೆಸರನ್ನೂ ಊಹೆಯ ಮೇಲೆ ಬರೆಯಬೇಡಿ.

ಮಕ್ಕಳನ್ನು ಕರೆತರಬಹುದಾ?

ತನ್ನಿ. ನಮ್ಮಲ್ಲಿ ಕ್ಯಾಡಿಸ್‌ಫ್ಲೈ ಮನೆಗಳನ್ನು ಬೇಗ ಹುಡುಕುವವರು ಅವರೇ. ಪ್ರತಿ ಇಬ್ಬರು ಮಕ್ಕಳಿಗೆ ಒಬ್ಬ ದೊಡ್ಡವರು, ಮೊಣಕಾಲಿಗಿಂತ ಆಳಕ್ಕೆ ಇಲ್ಲ, ಲೈಫ್ ಜಾಕೆಟ್ ಇರಲಿ. ಒಂದು ಬಿಳಿ ತಟ್ಟೆ ತಂದರೆ ಹುಳು ಚೆನ್ನಾಗಿ ಕಾಣುತ್ತದೆ.

ಮೊದಲ ದಿನ ಏನೇನು ತರಬೇಕು?

ಬೆರಳು ಮುಚ್ಚುವ ಹಳೆಯ ಬೂಟು, ದಪ್ಪ ಗ್ಲೌಸ್, ಕುಡಿಯುವ ನೀರು, ಟೋಪಿ, ಪೆನ್ಸಿಲ್. ಪೆನ್ ಬೇಡ, ಒದ್ದೆಯಾದರೆ ಅಕ್ಷರವೆಲ್ಲ ಹರಡುತ್ತದೆ. ಮೇಲ್ಭಾಗದಲ್ಲಿ ಮೋಡ ಕಟ್ಟಿದ್ದರೆ ನಿಮ್ಮ ಕಡೆ ಬಿಸಿಲಿದ್ದರೂ ಆ ದಿನ ನೀರಿಗೆ ಇಳಿಯುವುದಿಲ್ಲ, ದಡದ ಮೇಲೇ ನಡೆದು ಬರುತ್ತೇವೆ.